ಇನ್ನೂರು ನವಿಲುಗಳ ದೇಶಕ್ಕೆ ಒಂದು ದಿನ

ಆಲ್ಕೊಳ: ಹೊರಡುವ ಮುನ್ನ

ಆ ದಿನವೂ ಹಾಲಿನವನು ಗೇಟಿನ ಚಿಲಕ ಹಾಕದೆ ಹೋದ. ನಾನು ಎಂದಿನಂತೆ ಅವನನ್ನು ಮನಸ್ಸಿನಲ್ಲೇ ಬೈದು, ಚಿಲಕ ಹಾಕಿ, ನಾಲ್ಕೆಳೆ ರಂಗೋಲಿ ಎಳೆದು, ಹಾಲು ಕಾಯಲಿಟ್ಟೆ. ಕುಕ್ಕರ್ ಕೂಗತೊಡಗಿತು. ಎರಡು ಸಲ ಕೂಗಿತೋ ಮೂರು ಸಲವೋ ಎಂಬುದು ಎಂದಿನಂತೆ ಮರೆತುಹೋಯಿತು. ನಮ್ಮ ಮನೆಯವರು ಉಪ್ಪಿಟ್ಟಿನೊಳಗಿನ ಕರಿಬೇವನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಬೇಲಿಯ ಹಾಗೆ ಜೋಡಿಸುತ್ತ ಕೂತಿದ್ದರು. ಮದುವೆಯಾದಾಗಿನಿಂದ ಅವರು ಹೀಗೆ ಬೇಲಿ ಹಾಕುತ್ತಲೇ ಇದ್ದಾರೆ. ಒಳಗೆ ಏನು ಬೆಳೆಯುತ್ತಾರೋ ನನಗೆ ಇನ್ನೂ ತಿಳಿದಿಲ್ಲ.

"ಆಧಾರ್ ಕಾರ್ಡ್ ಇಟ್ಕೊಂಡ್ಯಾ?" ಎಂದರು.

"ಇಟ್ಕೊಂಡೆ."

"ನೀರು?"

"ಭದ್ರಾವತೀಲೂ ಹೊಳೆ ಇದೆ ರೀ."

"ಅದು ಬೇರೆ ಹೊಳೆ," ಎಂದರು ಗಂಭೀರವಾಗಿ.

ಇಲ್ಲಿ ಸ್ವಲ್ಪ ವಿವರಿಸಬೇಕು. ಶಿವಮೊಗ್ಗದ ನಮ್ಮ ಆಲ್ಕೊಳ ಬಡಾವಣೆಯ ಮಹಿಳಾ ಮಂಡಳಿ ವರ್ಷಕ್ಕೊಂದು ಸಂಚಿಕೆ ತರುತ್ತದೆ. ಈ ಸಲದ ವಿಷಯ ವಿದೇಶ ಪ್ರವಾಸ. ಪಕ್ಕದ ಮನೆಯ ಪ್ರಮೀಳಕ್ಕ ಸಿಂಗಾಪುರದ ಬಗ್ಗೆ ಆಗಲೇ ಮೂರು ಕಂತು ಬರೆದು ಕೊಟ್ಟಿದ್ದಾರೆ. ಅದರಲ್ಲಿ ಎರಡು ಕಂತು ಅಲ್ಲಿನ ಶೌಚಾಲಯಗಳ ಬಗ್ಗೆ. ನನ್ನ ಪಾಸ್‌ಪೋರ್ಟ್ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿದೆ. ಅದರಲ್ಲಿ ಒಂದೂ ಮುದ್ರೆ ಬಿದ್ದಿಲ್ಲ. ಆದ್ದರಿಂದ ನಾನು ನಮ್ಮ ಮನೆಯವರ ಮಾತನ್ನೇ ಆಧಾರವಾಗಿಟ್ಟುಕೊಂಡು, ಹೊಳೆ ಬೇರೆಯಾದರೆ ದೇಶವೂ ಬೇರೆ ಎಂದು ನಂಬಿ, ಭದ್ರಾವತಿಯ ಬಗ್ಗೆ ಬರೆಯುತ್ತಿದ್ದೇನೆ.

ಹೋದ ಕಾರಣ ಕೊಬ್ಬರಿ. ಮದುವೆ, ಸೀಮಂತಗಳಲ್ಲಿ ತಟ್ಟೆಗೆ ಇಡುವ ಕೊಬ್ಬರಿ ಗಿಟುಕಿನ ಮೇಲೆ ನಾನು ಚಿತ್ರ ಕೆತ್ತುತ್ತೇನೆ. ಹೊರಗಿನ ಕಂದು ಸಿಪ್ಪೆಯನ್ನು ಹೆರೆದರೆ ಒಳಗಿನ ಬಿಳುಪು ಗೆರೆಯಾಗಿ ಕಾಣುತ್ತದೆ, ಅಷ್ಟೆ. ಶಾಲೆಯ ಕಂಪಾಸ್ ಪೆಟ್ಟಿಗೆಯ ಕೈವಾರ, ಒಂದು ಮುರಿದ ಕ್ರೋಶಾ ಕಡ್ಡಿ, ಒಂದು ಬ್ಲೇಡು, ಇವೇ ನನ್ನ ಆಯುಧಗಳು. ಸಿಟಿ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರ್, ಆಲ್ಕೊಳ ಸರ್ಕಲ್ಲಿನ ನಟ್ಟನಡುವೆ ಮಲಗಿ ನಾಲ್ಕೂ ರಸ್ತೆಗಳನ್ನು ನಿಭಾಯಿಸುವ ಹಸು, ಚಪ್ಪಲಿ ಹುಡುಕುತ್ತಿರುವ ಪುರೋಹಿತರು, ಹೀಗೆ ಕಣ್ಣಿಗೆ ಕಂಡದ್ದನ್ನು ಕೆತ್ತುತ್ತೇನೆ. ಒಮ್ಮೆ ಕೆತ್ತಿದ್ದನ್ನು ಮತ್ತೆ ಕೆತ್ತಿಲ್ಲ. ಅದು ವ್ರತವೇನಲ್ಲ. ಎರಡನೇ ಸಲಕ್ಕೆ ಕೈಗೆ ಆಕಳಿಕೆ ಬರುತ್ತದೆ.

ಇಷ್ಟು ವರ್ಷ ನೆಂಟರು ಅವನ್ನು ನೋಡಿ ನಕ್ಕು, ಮನೆಗೆ ಒಯ್ದು ಸಾರಿಗೆ ಹಾಕಿಕೊಂಡಿದ್ದಾರೆ. ಬೇಜಾರಿಲ್ಲ ಎಂದು ಹೇಳುತ್ತಾ ಬಂದಿದ್ದೇನೆ. ಸ್ವಲ್ಪ ಬೇಜಾರಿತ್ತು. ಅದಕ್ಕೇ, ಮದುವೆ ಅಲಂಕಾರದ ಕಂಪನಿ ನಡೆಸುವ ಭದ್ರಾವತಿಯ ನವೀನ್ ಎಂಬುವರು ಫೋನ್ ಮಾಡಿ "ಮೇಡಂ, ನೀವು ಆರ್ಟಿಸ್ಟು" ಎಂದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅವರಿಗೆ ಒಂದು ಮದುವೆಗೆ ಇನ್ನೂರು ಗಿಟುಕು ಬೇಕಿತ್ತು. ಇನ್ನೂರರಲ್ಲೂ ನವಿಲು. ಒಂದೊಂದು ನವಿಲಿಗೂ ಒಂಬತ್ತೇ ಗರಿ. ಅಂಚಿನಲ್ಲಿ ಕಂಪನಿಯ ಹೆಸರು. ಇದು ಸರಿಹೋದರೆ ಮುಂದೆ ಎಲ್ಲ ಮದುವೆಗೂ ನಾನೇ. ಅವರ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ 'ಕಲಾವಿದೆ' ಎಂದು ಅಚ್ಚು ಹಾಕಿಸುತ್ತಾರಂತೆ.

ಆ ಒಂದು ಪದಕ್ಕಾಗಿ ಒಂದು ವಾರ ನವಿಲು ಕೆತ್ತಿದೆ. ಏಳು ಕೆತ್ತಿದೆ. ಆರು ಸರಿಯಾಗಲಿಲ್ಲ. ಅವನ್ನು ಬೂಷ್ಟು ಹಿಡಿಯದಿರಲೆಂದು ಮೊರದಲ್ಲಿ ಹರವಿ ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗಿಟ್ಟೆ. ಏಳನೆಯದನ್ನು ಮನೆಯವರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಕೊಕ್ಕು ಚೆನ್ನಾಗಿದೆ," ಎಂದರು.

ನವಿಲನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟೆ. ಯಾರೂ ಕೇಳದಿದ್ದರೂ, ಹಿಂದಿನ ತಿಂಗಳು ಕೆತ್ತಿದ ಇನ್ನೊಂದನ್ನೂ ಅದರ ಪಕ್ಕ ಇಟ್ಟೆ: ಕುಕ್ಕರ್ ಮುಂದೆ ನಿಂತು, ಎಷ್ಟು ವಿಷಲ್ ಆಯಿತೆಂದು ಬೆರಳು ಎಣಿಸುತ್ತಿರುವ ಹೆಂಗಸು. ನವಿಲಿಗೆ ದಾರಿಯಲ್ಲಿ ಜೊತೆಯಾಗಲಿ ಎಂದು.

ಬಸ್ ನಿಲ್ದಾಣ: ಗಡಿ ತಪಾಸಣೆ

ಪ್ರಮೀಳಕ್ಕ ಸಿಂಗಾಪುರದಲ್ಲಿ ಇಳಿದಾಗ ಅಧಿಕಾರಿಯೊಬ್ಬ ಪಾಸ್‌ಪೋರ್ಟನ್ನೂ ಮುಖವನ್ನೂ ಮೂರು ಸಲ ನೋಡಿದನಂತೆ. ನನ್ನನ್ನು ಸರ್ಕಾರಿ ಬಸ್ಸಿನ ಕಂಡಕ್ಟರ್ ನಾಲ್ಕು ಸಲ ನೋಡಿದರು. ಹೆಂಗಸರಿಗೆ ಉಚಿತ ಪ್ರಯಾಣದ ಸೊನ್ನೆಯ ಟಿಕೆಟ್ ಹರಿಯಬೇಕಾದರೆ ಆಧಾರ್ ತೋರಿಸಬೇಕಲ್ಲ.

"ಇದು ನೀವೇನಾ?"

"ನಾನೇ. ಆವತ್ತು ಜ್ವರ ಇತ್ತು."

"ಜ್ವರದಲ್ಲೇ ಚೆನ್ನಾಗಿ ಬಂದಿದೀರಿ ಬಿಡಿ," ಎಂದು ಟಿಕೆಟ್ ಹರಿದುಕೊಟ್ಟರು. ಇದು ಹೊಗಳಿಕೆಯೋ ಅಲ್ಲವೋ ಎಂದು ಯೋಚಿಸುವಷ್ಟರಲ್ಲಿ ಬಸ್ಸು ತುಂಗೆಯ ಸೇತುವೆ ದಾಟಿತ್ತು. ಹೀಗೆ ನಾನು ನನಗೇ ಅರಿವಿಲ್ಲದೆ ಸ್ವದೇಶ ಬಿಟ್ಟೆ.

ಪಕ್ಕದಲ್ಲಿ ಕೂತವರು ಭದ್ರಾವತಿಯ ಹೆಂಗಸು. ಮಡಿಲಲ್ಲಿ ಒಂದು ಹೊಸ ಮಿಕ್ಸಿ ಜಾರು. ಶಿವಮೊಗ್ಗದ ಬಸ್ಸಿನಲ್ಲಿ ನಾವು ಪಕ್ಕದವರ ಚೀಲವನ್ನು ಓರೆಗಣ್ಣಿನಿಂದ ನೋಡುತ್ತೇವೆ. ಭದ್ರಾವತಿಯವರು ನೇರವಾಗಿ ಕೇಳುತ್ತಾರೆ.

"ಡಬ್ಬೀಲಿ ಏನಮ್ಮಾ? ಅಷ್ಟು ಜೋಪಾನ ಮಾಡ್ತಿದೀರಲ್ಲ, ಮೈಸೂರ್ ಪಾಕಾ?"

ಮುಚ್ಚಳ ತೆರೆದು ತೋರಿಸಿದೆ. ಅವರು ನವಿಲನ್ನು ಮೇಲೆ ಕೆಳಗೆ ತಿರುಗಿಸಿದರು.

"ಪಕ್ಷಿ," ಎಂದರು ಕೊನೆಗೆ. ಮುಂದುವರಿಯಲಿಲ್ಲ. ಆಮೇಲೆ ಇನ್ನೊಂದನ್ನು ನೋಡಿ ಕಿಸಕ್ಕನೆ ನಕ್ಕು, ಹಿಂದಿನ ಸೀಟಿನವರಿಗೆ ದಾಟಿಸಿದರು. ಅವರು ಅದರ ಹಿಂದಿನವರಿಗೆ. ನನ್ನ ಕುಕ್ಕರ್ ಹೆಂಗಸು ಬಸ್ಸೆಲ್ಲ ಸುತ್ತಿ, ಕಂಡಕ್ಟರ್ ಕೈಗೂ ಹೋಗಿ, ಮಾಚೇನಹಳ್ಳಿ ದಾಟಿದ ಮೇಲೆ ವಾಪಸ್ಸಾದಳು. ನವಿಲು ಮಾತ್ರ ಡಬ್ಬಿಯಲ್ಲಿ ಒಂದೇ ಕೂತಿತ್ತು.

ನನಗೆ ಕಾನ್ವೆಂಟಿನ ಹೊಲಿಗೆ ತರಗತಿ ನೆನಪಾಯಿತು. ಎಲ್ಲರೂ ಎಡಕ್ಕೆ ಈಜುವ ಬಾತುಕೋಳಿ ಹಾಕಬೇಕಿತ್ತು. ನನ್ನ ಬಾತುಕೋಳಿಯ ತಲೆ ನೀರೊಳಗೆ, ಬಾಲ ಮಾತ್ರ ಮೇಲೆ. ಸಿಸ್ಟರ್ ಬಂದು ನಿಂತು, "ಇದು ಏನು ಮಾಡ್ತಿದೆ?" ಎಂದರು. "ಊಟ ಮಾಡ್ತಿದೆ ಸಿಸ್ಟರ್," ಎಂದೆ. ಅವರು ಬಹಳ ಹೊತ್ತು ನೋಡಿ, "ಹಾಗಾದ್ರೆ ತೊಂದರೆ ಕೊಡಬೇಡ," ಎಂದು ಮುಂದಿನ ಬೆಂಚಿಗೆ ಹೋದರು. ಅದೇ ಕಾನ್ವೆಂಟಿನಲ್ಲಿ ಪ್ಲೀಸ್, ಸಾರಿ, ಥ್ಯಾಂಕ್ಯೂ ಮೂರನ್ನೂ ಚೆನ್ನಾಗಿ ಕಲಿಸಿದರು. 'ಆಗಲ್ಲ' ಎನ್ನುವುದನ್ನು ಕಲಿಸಲಿಲ್ಲ. ಅದರ ತೊಂದರೆ ಈಗಲೂ ಅನುಭವಿಸುತ್ತಿದ್ದೇನೆ.

ನ್ಯೂ ಟೌನ್: ಸ್ಥಳೀಯರ ಪದ್ಧತಿಗಳು

ಇಳಿದು ಆಟೋ ಹತ್ತಿದೆ. ಸ್ಯಾಂಪಲ್ ತೋರಿಸಲು ನವೀನ್ ಬರಹೇಳಿದ್ದು ಮದುಮಗಳ ಅಜ್ಜಿ ಸರೋಜಮ್ಮನವರ ಮನೆಗೆ. ನಮ್ಮಲ್ಲಿ ವಿಳಾಸ ಹೇಳುವುದು ಸರ್ಕಲ್ ಲೆಕ್ಕದಲ್ಲಿ. ಇಲ್ಲಿ ಕಬ್ಬಿಣದ ಕಾರ್ಖಾನೆಯ ಲೆಕ್ಕದಲ್ಲಿ.

"ಯಾವ ಡಿಪಾರ್ಟ್‌ಮೆಂಟ್‌ನೋರ ಮನೆ?" ಎಂದರು ಆಟೋದವರು.

"ಗೊತ್ತಿಲ್ಲ. ಮನೆ ಮುಂದೆ ಕರಿಬೇವಿನ ಗಿಡ ಇದೆಯಂತೆ."

"ಎಲ್ರ ಮನೆ ಮುಂದೂ ಇದೆ. ಫೌಂಡ್ರಿನಾ, ಮೆಷಿನ್ ಶಾಪಾ?"

"ಸರೋಜಮ್ಮ ಅಂತ..."

"ಓ, ಫೌಂಡ್ರಿ ಸರೋಜಮ್ಮಾವಾ! ಮೊದಲೇ ಹೇಳಬಾರದಾ?"

ಆ ಮಹಾತಾಯಿ ಜೀವಮಾನದಲ್ಲಿ ಫೌಂಡ್ರಿಯ ಒಳಗೆ ಕಾಲಿಟ್ಟಿಲ್ಲವೆಂದು ಆಮೇಲೆ ತಿಳಿಯಿತು. ತೀರಿಕೊಂಡ ಯಜಮಾನರ ಡಿಪಾರ್ಟ್‌ಮೆಂಟು ಹೆಂಡತಿಯ ಹೆಸರಿಗೆ ಅಂಟಿಕೊಂಡು ಉಳಿದಿದೆ.

ಸಾಲಿಗೆ ಸಾಲು ಒಂದೇ ಅಚ್ಚಿನ ಹಳೆಯ ಕ್ವಾರ್ಟರ್ಸುಗಳು. ಅದೇ ಕಿಟಕಿ, ಅದೇ ಮೆಟ್ಟಿಲು. ಆದರೆ ಒಬ್ಬರು ಬಾಗಿಲಿಗೆ ಗಿಳಿಹಸಿರು ಬಳಿದಿದ್ದರು, ಇನ್ನೊಬ್ಬರು ಲಾರಿಯ ಟೈರಿನಲ್ಲಿ ದಾಸವಾಳ ಬೆಳೆದಿದ್ದರು, ಮತ್ತೊಬ್ಬರು ಯಾವುದೋ ಯಂತ್ರದ ಹಲ್ಲಿನ ಚಕ್ರವನ್ನು ಸೂರ್ಯನೆಂದು ಗೋಡೆಗೆ ಬಡಿದು ಹಳದಿ ಬಣ್ಣ ಹಚ್ಚಿದ್ದರು. ನಾನು ನಿಂತು ನೋಡುತ್ತಿರುವಾಗ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ತಮಿಳಿನಲ್ಲಿ, "ಸರೋಜಮ್ಮಾ, ಯಾರೋ ವಂದಿರುಕ್ಕಾಂಗ!" ಎಂದು ಕೂಗಿದರು. ಒಳಗಿನಿಂದ "ಕೂತ್ಕೊಳಕ್ಕೆ ಹೇಳು, ಬಂದೆ," ಎಂದು ಕನ್ನಡದಲ್ಲಿ ಉತ್ತರ ಬಂತು. ಮೂರನೇ ಮನೆಯಾಕೆ ತೆಲುಗಿನಲ್ಲಿ ನಕ್ಕರು. ಯಾರಿಗೂ ಅನುವಾದ ಬೇಕಾಗಲಿಲ್ಲ.

ನವೀನ್ ಇನ್ನೂ ಬಂದಿರಲಿಲ್ಲ. ನಾನೊಬ್ಬಳೇ ಹಾಲ್‌ನಲ್ಲಿ ಕೂತೆ. ಸ್ಯಾಂಪಲ್ ಎಂದರೆ ಸ್ವಲ್ಪ ಚೆಂದವಾಗಿ ಕಾಣಬೇಕಲ್ಲ ಎಂದು ಡಬ್ಬಿಯಿಂದ ಎರಡೂ ಗಿಟುಕು ತೆಗೆದು, ಟೀಪಾಯಿಯ ಮೇಲಿದ್ದ ತಟ್ಟೆಯಲ್ಲಿ ಕರ್ಚೀಫು ಹಾಸಿ ಜೋಡಿಸಿ, ಎದ್ದು ನಿಂತು, ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಈಗ ಓದುಗರೇ ಯೋಚಿಸಿ. ಹಣೆಗೆ ಕುಂಕುಮವಿಟ್ಟ ಹೆಂಗಸೊಬ್ಬಳು ಮದುವೆ ಮನೆಗೆ ಬಂದು, ತಟ್ಟೆಯಲ್ಲಿ ಜೋಡಿ ಕೊಬ್ಬರಿ ಹಿಡಿದು ನಿಂತರೆ ಮನೆಯ ಹಿರಿಯಳು ಏನು ಮಾಡಬೇಕು? ಸರೋಜಮ್ಮ ಅದನ್ನೇ ಮಾಡಿದರು. ತಟ್ಟೆಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಒಯ್ದರು. ಅರಿಶಿನ ಕುಂಕುಮ ತಂದು ನನಗೆ ಹಚ್ಚಿದರು. ಸೆರಗೊಡ್ಡಿಸಿ ಅದರೊಳಗೆ ವೀಳ್ಯದೆಲೆ, ರವಿಕೆ ಕಣ, ಮತ್ತು ಕೆತ್ತನೆಯಿಲ್ಲದ ಎರಡು ಬೋಳು ಗಿಟುಕು ಹಾಕಿದರು.

"ನೀವು ಹುಡುಗನ ಕಡೆಯೋರಾ?" ಎಂದು ಪ್ರೀತಿಯಿಂದ ಕೇಳಿದರು.

"ಅಲ್ಲ ಅಮ್ಮಾ, ನಾನು ಸ್ಯಾಂಪಲ್..."

"ಸಂಪತ್ತು ಅವರ ಕಡೆಯೋರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಕಾಫಿ ತರ್ತೀನಿ."

ಸಂಪತ್ತು ಯಾರೋ ನನಗೆ ಇಂದಿಗೂ ಗೊತ್ತಿಲ್ಲ. ಅರಿಶಿನ ಕುಂಕುಮ ಆದ ಮೇಲೆ ಕೊಟ್ಟದ್ದನ್ನು ವಾಪಸ್ ಕೊಡಿ ಎಂದು ಕೇಳುವುದು ಯಾವ ದೇಶದ ಮರ್ಯಾದೆ? ಸೆರಗು ಬಿಗಿಹಿಡಿದು, ತುಟಿ ಬಿಗಿಹಿಡಿದು ಕೂತೆ. ಅಡುಗೆಮನೆಯಿಂದ ಕರ್ ಕರ್ ಎಂಬ ಸದ್ದು ಬರತೊಡಗಿತು.

ಆ ಸದ್ದು ಯಾವ ಗೃಹಿಣಿಗೂ ಗೊತ್ತು. ಎದ್ದು ಓಡಿದೆ.

ಅಡುಗೆಮನೆ: ಅನಾಹುತ

ಸರೋಜಮ್ಮ ಚಟ್ನಿಪುಡಿಗೆ ಕೊಬ್ಬರಿ ತುರಿಯುತ್ತಿದ್ದರು. ನವಿಲಿನ ಒಂಬತ್ತು ಗರಿಗಳೂ ತಟ್ಟೆಯಲ್ಲಿ ರಾಶಿಯಾಗಿ ಬಿದ್ದಿದ್ದವು. ಕತ್ತು ಹೋಗಿತ್ತು. ಕೊಕ್ಕು ಮಾತ್ರ ಉಳಿದಿತ್ತು. ಕೊಕ್ಕು ನಿಜಕ್ಕೂ ಚೆನ್ನಾಗಿತ್ತು.

"ಅಮ್ಮಾ, ಅದು ನವಿಲು!" ಎಂದೆ.

ಅವರು ಕೈಯಲ್ಲಿದ್ದ ಚೂರನ್ನು ನೋಡಿ, ನನ್ನನ್ನು ನೋಡಿ, "ಎಲ್ಲಿ?" ಎಂದರು.

ವಿಷಯ ತಿಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವರು ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ರಾಮ, ನಾನು ಸಿಪ್ಪೆ ಹೆರೆದು ಕೊಟ್ಟಿದಾರೆ, ಎಷ್ಟು ಅಚ್ಚುಕಟ್ಟು ಹೆಂಗಸು ಅಂದ್ಕೊಂಡ್ನಲ್ಲೇ ತಾಯಿ!"

"ಇನ್ನೊಂದು?" ಎಂದೆ ಕುಗ್ಗಿದ ದನಿಯಲ್ಲಿ.

ಅವರು ತಟ್ಟೆಯಲ್ಲಿದ್ದ ಇನ್ನೊಂದು ಗಿಟುಕನ್ನು ಕೈಗೆತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದರು. ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದರು. ಇಷ್ಟಿಷ್ಟೇ ಮುಖ ಅರಳಿತು.

"ಇವಳು ವಿಷಲ್ ಎಣಿಸ್ತಿದಾಳೆ."

"ಹೌದು."

"ಮೂರಾ ನಾಲ್ಕಾ ಅಂತ ಮರ್ತು ಹೋಗಿದೆ ಇವಳಿಗೆ. ಮುಖ ನೋಡು, ಮುಖ!" ಸರೋಜಮ್ಮ ನಗಲು ಶುರುಮಾಡಿದರು. ನಗುತ್ತ ನಗುತ್ತ ಮಣೆಯ ಮೇಲಿನಿಂದ ಎದ್ದು, ಬೇಲಿಯ ಬಳಿ ಹೋಗಿ ತಮಿಳಿನವರನ್ನು ಕರೆದು ತೋರಿಸಿದರು, ಅವರು ತೆಲುಗಿನವರನ್ನು ಕರೆದರು. ಮೂವರೂ ಸೇರಿ ಆ ಹೆಂಗಸು ತಮ್ಮಲ್ಲಿ ಯಾರು ಎಂದು ಜಗಳವಾಡಿದರು. ಮೂಗು ತೆಲುಗಿನವರದೇ ಎಂದು ತೀರ್ಮಾನವಾಯಿತು.

"ಇದನ್ನು ಬೇಕಾದ್ರೆ ತುರ್ಕೊಳ್ಳಿ ಅಮ್ಮಾ, ಪರವಾಗಿಲ್ಲ," ಎಂದೆ, ಕಾನ್ವೆಂಟ್ ಅಭ್ಯಾಸದಿಂದ.

"ಇವಳನ್ನ ಹೆಂಗೆ ತುರೀಲಿ ಮಾರಾಯ್ತಿ?" ಎಂದರು ಸರೋಜಮ್ಮ. "ಆಮೇಲೆ ಸ್ಟೌವ್ ಆರ್ಸೋರು ಯಾರು?"

ಅವಳನ್ನು ಹಾಲ್‌ನಲ್ಲಿದ್ದ ದೇವರ ಗೂಡಿನ ಪಕ್ಕ, ಎಣ್ಣೆ ಬಾಟಲಿಗೆ ಒರಗಿಸಿ ನಿಲ್ಲಿಸಿದರು.

ಹಾಲ್: ಒಪ್ಪಂದದ ಮಾತುಕತೆ

ನವೀನ್ ಬಂದದ್ದು ಫೋನಿನಲ್ಲಿ ಮಾತಾಡುತ್ತಲೇ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಣ್ಣದ ಕ್ಯಾಟಲಾಗು. ಒಳ್ಳೆಯ ಮನುಷ್ಯ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸರೋಜಮ್ಮನ ಕಾಲು ಮುಟ್ಟಿ, ಯಾರೊಂದಿಗೋ "ಶಾಮಿಯಾನ ಪಿಂಕ್ ಬೇಡ, ಪೀಚ್," ಎಂದು ಹೇಳುತ್ತ ಕೂತರು. ಸರೋಜಮ್ಮ ಇಬ್ಬರಿಗೂ ದೋಸೆ, ಬಿಸಿ ಬಿಸಿ ಚಟ್ನಿಪುಡಿ ತಂದಿಟ್ಟರು.

"ಸೂಪರ್ ಅಜ್ಜಿ," ಎಂದರು ನವೀನ್ ಮೊದಲ ತುತ್ತಿಗೆ. ಆಮೇಲೆ ನನ್ನತ್ತ ತಿರುಗಿ, "ನವಿಲು ತಂದ್ರಾ ಮೇಡಂ? ಎಲ್ಲಿ?"

ನಾನು ಅವರ ತಟ್ಟೆ ತೋರಿಸಿದೆ.

ಅವರು ಸ್ವಲ್ಪ ಹೊತ್ತು ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ವ್ಯಾಪಾರಸ್ಥರಿಗೆ ಇರಬೇಕಾದ ಧೈರ್ಯದಿಂದ ನುಂಗಿದರು. "ಪರವಾಗಿಲ್ಲ ಮೇಡಂ, ಫೋಟೋ ಕಳ್ಸಿದ್ರಲ್ಲ, ಸಾಕು. ಫೋಟೋದಲ್ಲಿ ಗ್ರ್ಯಾಂಡಾಗಿತ್ತು." ಫೋಟೋ ತೆರೆದೇ ಇರಲಿಲ್ಲವೆಂದು ನನ್ನ ಫೋನಿನಲ್ಲಿ ಇನ್ನೂ ಬೂದುಬಣ್ಣದಲ್ಲೇ ಇದ್ದ ಜೋಡಿ ಟಿಕ್ ಗುರುತು ಹೇಳುತ್ತಿತ್ತು. ನಾನು ಥ್ಯಾಂಕ್ಯೂ ಎಂದೆ.

ಎರಡು ಹಾಳೆಯ ಒಪ್ಪಂದ ಮುಂದಿಟ್ಟರು. ನಾನು ಪ್ರತಿಯೊಂದು ಸಾಲನ್ನೂ ಓದುವವಳು. ಔಷಧಿ ಡಬ್ಬದ ಚೀಟಿಯನ್ನೂ ಬಿಡುವುದಿಲ್ಲ. ಎರಡನೇ ಹಾಳೆಯ ಕೆಳಗೆ ಒಂದು ಸಾಲಿತ್ತು: ಕಲಾವಿದೆಯು ಕ್ಯಾಟಲಾಗಿನಲ್ಲಿರುವ ವಿನ್ಯಾಸಗಳನ್ನು ಮಾತ್ರ ಕೆತ್ತತಕ್ಕದ್ದು.

ಕ್ಯಾಟಲಾಗಿನಲ್ಲಿ ನವಿಲು, ಕಮಲ, ಜೋಡಿ ಆನೆ, ಮತ್ತೆ ನವಿಲು ಇದ್ದವು.

"ಇದು ನಿಮ್ಮ ಆರ್ಡರಿಗೆ ಮಾತ್ರ ತಾನೆ?" ಎಂದೆ. "ಮನೇಲಿ ನನಗೆ ಬೇಕಾದ್ದು ಕೆತ್ಕೋಬಹುದು ಅಲ್ವಾ?"

"ಮನೇಲೂ ಬೇಡ ಮೇಡಂ. ನೀವು ಮನೇಲಿ ಕೆತ್ತೀರಿ, ನೆಂಟರು ಸ್ಟೇಟಸ್ ಹಾಕ್ತಾರೆ, ಬ್ರ್ಯಾಂಡ್ ಕನ್‌ಫ್ಯೂಸ್ ಆಗುತ್ತೆ." ಅಷ್ಟರಲ್ಲಿ ಅವರ ಕಣ್ಣು ಎಣ್ಣೆ ಬಾಟಲಿಯತ್ತ ಹೋಯಿತು. ಅದನ್ನು ಮಾತ್ರ ಅವರು ಫೋನು ಕೆಳಗಿಟ್ಟು ನೋಡಿದರು. ಬಾಯಿ ಸ್ವಲ್ಪ ನಗಲು ಹೋಗಿ ನಿಂತಿತು. "ಇದು ಚೆನ್ನಾಗಿದೆ. ಆದ್ರೆ ಕಾಮಿಡಿ. ಮದುವೇಲಿ ಕಾಮಿಡಿ ಸೇಲ್ ಆಗಲ್ಲ ಮೇಡಂ."

"ನಮ್ಮ ಮದುವೇಲಿ ಪೂರ್ತಿ ಅದೇ ಇದ್ದಿದ್ದು," ಎಂದರು ಸರೋಜಮ್ಮ ದೋಸೆ ಬಡಿಸುತ್ತ. ಆಮೇಲೆ ನನ್ನ ಪಕ್ಕ ಕೂತು, ದನಿ ತಗ್ಗಿಸಿ ಕೇಳಿದರು: "ನಂಗೊಂದು ಮಾಡ್ಕೊಡ್ತೀಯಾ? ನಮ್ಮನೆಯವರ ಸೈಕಲ್ಲು. ಮೊದಲನೇ ಶಿಫ್ಟಿಗೆ ಹೋಗ್ತಿರೋ ಹಾಗೆ. ಹ್ಯಾಂಡಲ್‌ಗೆ ಊಟದ ಕ್ಯಾರಿಯರ್ರು. ಪ್ಯಾಂಟು ಚೈನಿಗೆ ಸಿಕ್ಕದ ಹಾಗೆ ಒಂದು ಕಾಲಿಗೆ ಕ್ಲಿಪ್ಪು. ಬಲಗಾಲಿಗೇ ಹಾಕ್ಬೇಕು, ಅವರು ಎಡಗಾಲಿಗೆ ಹಾಕೋರು, ದಿನಾ ಜಗಳ ಆಡ್ತಿದ್ದೆ. ಕೊಬ್ಬರೀಲಾದ್ರೂ ಸರಿಯಾಗಿ ಹಾಕ್ಕೊಳ್ಲಿ."

"ಅಜ್ಜಿ, ಕ್ಯಾಟಲಾಗ್‌ನಲ್ಲಿ ಸೈಕಲ್ ಇಲ್ಲ," ಎಂದರು ನವೀನ್.

"ನಮ್ಮನೆಯವರನ್ನೂ ಕ್ಯಾಟಲಾಗ್‌ನಲ್ಲಿ ನೋಡಿ ತಂದಿದ್ದಲ್ಲ ಕಣಪ್ಪಾ."

ನಾನು ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. "ಯೋಚ್ನೆ ಮಾಡಿ ಹೇಳ್ತೀನಿ," ಎಂದು ಹಾಳೆಗಳನ್ನು ಮಡಿಸಿ ಡಬ್ಬಿಯಲ್ಲಿ ಹಾಕಿಕೊಂಡೆ. ನವೀನ್ ಸಂಜೆ ಏಳರೊಳಗೆ ತಿಳಿಸಲು ಹೇಳಿದರು. ಕಾರ್ಡು ಅಚ್ಚಿಗೆ ಹೋಗಬೇಕಂತೆ.

ವಾಪಸ್: ಸುಂಕದ ಕಟ್ಟೆ

ವಿದೇಶದಿಂದ ಬರುವವರು ಚಾಕಲೇಟು ತರುತ್ತಾರೆ. ಸರೋಜಮ್ಮ ನನ್ನ ಕೈಗೆ ಒಂದು ಬಾಟಲಿ ಚಟ್ನಿಪುಡಿ ಕೊಟ್ಟಿದ್ದರು. ಬಸ್ಸಿನಲ್ಲಿ ಅದರ ಇಂಗಿನ ಪರಿಮಳ ಎದ್ದು, ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ನನ್ನ ನವಿಲನ್ನು ಹೀಗೆ ಬಾಟಲಿಯಲ್ಲಿ ಹಾಕಿಕೊಂಡು ನಾನೇ ಸ್ವದೇಶಕ್ಕೆ ಮರಳಿದೆ. ಕಂಡಕ್ಟರ್ ಬೇರೆಯವರು. ಆಧಾರ್ ನೋಡಿ ಏನೂ ಹೇಳಲಿಲ್ಲ. ಅದೂ ಒಂಥರ ನಿರಾಸೆಯೇ.

ಕಿಟಕಿಯ ಪಕ್ಕ ಕೂತು 'ಕಲಾವಿದೆ' ಎಂದು ಮನಸ್ಸಿನಲ್ಲೇ ನಾಲ್ಕೈದು ಸಲ ಅಂದುಕೊಂಡೆ. ಚೆನ್ನಾಗಿಯೇ ಕೇಳಿಸುತ್ತಿತ್ತು. ಆಮೇಲೆ ಇನ್ನೂರು ನವಿಲು ಎಂದು ಅಂದುಕೊಂಡೆ. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ನಿದ್ದೆ ಬಂತು.

ಎದ್ದಾಗ ತುಂಗೆ.

ಆಲ್ಕೊಳ: ಸಂಜೆ

ದೀಪ ಹಚ್ಚಿ, ಸಹಿ ಹಾಕೋಣವೆಂದೇ ಹೊರಗಿನ ಮೆಟ್ಟಿಲ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತೆ. ಹಾರಿಹೋಗದಿರಲೆಂದು ಅದರ ಮೇಲೆ ಸರೋಜಮ್ಮ ಸೆರಗಿಗೆ ಹಾಕಿದ್ದ ಬೋಳು ಗಿಟುಕೊಂದನ್ನು ಇಟ್ಟೆ. ಪೆನ್ನು ಹುಡುಕುತ್ತ ಕೈವಾರ ಸಿಕ್ಕಿತು. ಸುಮ್ಮನೆ ಒಂದು ಸುತ್ತು ಎಳೆದೆ. ಚಕ್ರ ಗುಂಡಗೆ ಬಂತು. ಇನ್ನೊಂದು ಚಕ್ರ ಎಳೆದೆ. ಫೋನು ಬಡಿದುಕೊಂಡಾಗ ನಾನು ಬಲಗಾಲಿನ ಕ್ಲಿಪ್ಪು ಹಾಕುತ್ತಿದ್ದೆ. ಒಪ್ಪಂದದ ಮೇಲೆಲ್ಲ ಕೊಬ್ಬರಿ ಸಿಪ್ಪೆಯ ಪುಡಿ ಬಿದ್ದಿತ್ತು.

"ಮೇಡಂ, ನವಿಲು ಫೈನಲ್ ತಾನೆ?" ಎಂದರು ನವೀನ್.

ಪ್ಲೀಸ್ ಎಂದೆ. ಸಾರಿ ಎಂದೆ. ಥ್ಯಾಂಕ್ಯೂ ಎಂದೆ. ಅವುಗಳ ನಡುವೆ ಎಲ್ಲೋ ಒಂದು ಕಡೆ, ನನಗೇ ಆಶ್ಚರ್ಯವಾಗುವಂತೆ, "ಆಗಲ್ಲ" ಎಂದೂ ಅಂದುಬಿಟ್ಟೆ. ಅವರು "ಆ ಕುಕ್ಕರ್ ಹೆಂಗಸು ಚೆನ್ನಾಗಿತ್ತು ಮೇಡಂ," ಎಂದು ಮೆಲ್ಲಗೆ ಹೇಳಿ ಫೋನಿಟ್ಟರು.

ಕಾರ್ಡು ಹೋಯಿತು. ತಪ್ಪು ಮಾಡಿದೆನೇನೋ ಅನ್ನಿಸುತ್ತಿರುವಾಗಲೇ ಪಕ್ಕದ ಕಾಂಪೌಂಡಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಪ್ರಮೀಳಕ್ಕ ಗೋಡೆಯ ಬಳಿ ಬಂದರು. ಇನ್ನೂರರ ಆರ್ಡರು ಅವರಿಗೆ ಮೊದಲೇ ಗೊತ್ತಿತ್ತು, ಈಗ ನನ್ನ ಮಾತೂ ಕಿವಿಗೆ ಬಿದ್ದಿತ್ತು.

"ಯಾಕೆ ಮಾರಾಯ್ತಿ ಬೇಡ ಅಂದೆ? ಇನ್ನೂರು ಅಂದ್ರೆ ಸಣ್ಣ ಆರ್ಡರಾ? ನಾನಾಗಿದ್ರೆ ಕಣ್ಣು ಮುಚ್ಚಿ ಹೂಂ ಅಂತಿದ್ದೆ. ಏನು ಕೆತ್ತಬೇಕಿತ್ತು?"

ನಾನು ಬೆಳಗಿನಿಂದ ಗೋಡೆಯ ಮೇಲೇ ಉಳಿದಿದ್ದ ಮೊರ ತೋರಿಸಿದೆ. ಪ್ರಮೀಳಕ್ಕ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬಗ್ಗಿ, ಆರನ್ನೂ ಒಂದೊಂದಾಗಿ ನೋಡಿದರು.

"ಒಳ್ಳೇದೇ ಆಯ್ತು ಬಿಡು," ಎಂದರು ಒಳಗೆ ಹೋಗುತ್ತ. "ಮದುವೆ ಮನೇಲಿ ಅಷ್ಟೊಂದು ಕೋಳಿ ಇಟ್ರೆ ಪುರೋಹಿತರು ಏನಂದ್ಕೋತಾರೆ?"